ಬದುವಿನ ಹೊಂಗೆಯಿಂದ ಪಂಪ್‌ಸೆಟ್ಟಿಗೆ ಡೀಸೆಲ್

ಹೊಂಗೆ ಮರ ಗೊತ್ತಿಲ್ಲದ ಗೃಹಿಣಿ ನಮ್ಮ ಬಯಲುಸೀಮೆಯಲ್ಲಿ ಸಿಗಲಾರಳು. ಬಸ್ಸಿಗೆ ಕಾಯುವಾಗ ನಾವು ನಿಲ್ಲುವುದು ಅದರ ನೆರಳಿನಲ್ಲಿ. ಗದ್ದೆಗೆ ಹಸಿರು ಗೊಬ್ಬರವಾಗಿ ತುಳಿಯುವುದು ಅದರ ಸೊಪ್ಪನ್ನು. ಪೇಸ್ಟು, ಬ್ರಷ್ಷು ಬರುವ ಮೊದಲು ಹಲ್ಲುಜ್ಜುತ್ತಿದ್ದದ್ದು ಅದರ ಕಡ್ಡಿಯಲ್ಲಿ. ಕರೆಂಟು ಬರುವ ಮೊದಲು ಹಳ್ಳಿಯ ಎಷ್ಟೋ ಮನೆಗಳಲ್ಲಿ ಹಣತೆ ಉರಿದದ್ದೂ ಹೊಂಗೆ ಎಣ್ಣೆಯಿಂದಲೇ. ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿದೆ. ಆ ದೀಪದ ಕಮಟು ವಾಸನೆ ನೆನೆದರೆ ಈಗಲೂ ಮೂಗು ಮುಚ್ಚಿಕೊಳ್ಳುತ್ತಾರೆ.

ಅದೇ ಎಣ್ಣೆಯಿಂದ ಡೀಸೆಲ್ ಮಾಡಿ ಪಂಪ್‌ಸೆಟ್ಟು, ಟ್ರ್ಯಾಕ್ಟರು ಓಡಿಸಬಹುದು ಎಂಬ ಮಾತು ಈಗ ಹೊಸದೇನಲ್ಲ. ಇದಕ್ಕೆ ಬಯೋಡೀಸೆಲ್ ಅಥವಾ ಜೈವಿಕ ಡೀಸೆಲ್ ಎನ್ನುತ್ತಾರೆ. ಲೀಟರ್ ಡೀಸೆಲ್ ತೊಂಬತ್ತು ರೂಪಾಯಿಯ ಆಸುಪಾಸಿಗೆ ಬಂದ ಮೇಲಂತೂ ರೈತರ ಮನೆಗಳಲ್ಲಿ ಈ ಮಾತು ಜೋರಾಗಿದೆ. "ಬಲು ಸುಲಭವಂತೆ, ಮಿಕ್ಸಿಯಲ್ಲಿ ಚಟ್ನಿ ರುಬ್ಬಿದ ಹಾಗೆ ಮನೆಯಲ್ಲೇ ಮಾಡಿಕೊಳ್ಳಬಹುದಂತೆ" ಎಂದು ಹುಡುಗರು ಫೋನಿನಲ್ಲಿ ನೋಡಿಕೊಂಡು ಬಂದು ಹೇಳುತ್ತಾರೆ. ನಮ್ಮ ಭಾವನವರ ಮಗನೂ ಹಾಗೇ ಹೇಳಿದ. ಡಿಪ್ಲೊಮಾ ಓದಿದ ಹುಡುಗ, ಕೈಯಲ್ಲಿ ಸ್ಪಾನರ್ ಇಲ್ಲದಿದ್ದರೆ ಅವನಿಗೆ ಊಟ ಸೇರುವುದಿಲ್ಲ. "ಚಿಕ್ಕಮ್ಮ, ಬಚ್ಚಲುಮನೆ ಹಂಡೆ ಒಲೆ ಒಂದು ದಿನ ಬಿಟ್ಟುಕೊಡಿ, ಸಾಕು" ಎಂದ.

ನಾನು ಬಿಟ್ಟುಕೊಡಲಿಲ್ಲ. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಹುಡುಗನ ಮಾತನ್ನು ತಳ್ಳಿಹಾಕಲೂ ಇಲ್ಲ. ನಮ್ಮ ಬದುಗಳ ಮೇಲೆ ಇಪ್ಪತ್ತೆರಡು ಹೊಂಗೆ ಮರಗಳಿವೆ. ವರ್ಷವರ್ಷವೂ ಕಾಯಿ ಉದುರಿ ಮಣ್ಣುಪಾಲಾಗುತ್ತಿತ್ತು. ಅದು ಯಾವುದಾದರೂ ಉಪಯೋಗಕ್ಕೆ ಬರುವುದಾದರೆ ಬೇಡವೆನ್ನುವುದು ಹೇಗೆ?

ಎಂಜಿನ್ನಿಗೆ ಎಣ್ಣೆ ಹೊಸದಲ್ಲ

ಡೀಸೆಲ್ ಎನ್ನುವುದು ಎಂಜಿನ್ ಕಂಡುಹಿಡಿದ ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ ಅವರ ಹೆಸರು. 1900ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಾಗ ಆಟೊ ಎಂಬ ಕಂಪನಿಯವರು ಅವರ ಮಾದರಿಯ ಒಂದು ಪುಟ್ಟ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದರು. ಆಫ್ರಿಕದಲ್ಲಿದ್ದ ತಮ್ಮ ವಸಾಹತುಗಳಲ್ಲಿ ಕಡಲೆಕಾಯಿ ಹೇರಳವಾಗಿದ್ದುದರಿಂದ ಫ್ರೆಂಚ್ ಸರಕಾರಕ್ಕೆ ಆ ಕುತೂಹಲವಿತ್ತು. ಎಂಜಿನ್ನಿನಲ್ಲಿ ಏನೂ ಬದಲಾವಣೆ ಮಾಡದೆ ಓಡಿತಂತೆ. ನೆಲದಿಂದ ತೆಗೆದ ಎಣ್ಣೆ ಅಗ್ಗವಾಗಿ ಸಿಗುತ್ತಾ ಹೋದಂತೆ ಈ ವಿಚಾರ ಮೂಲೆಗೆ ಬಿತ್ತು.

ಗಿಡದ ಎಣ್ಣೆಯಲ್ಲಿರುವ ತೊಂದರೆ ಒಂದೇ, ಅದು ಮಂದ. ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಒಂದೊಂದು ಚಮಚ ಬಗ್ಗಿಸಿ ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಸಣ್ಣ ತೂತಿನ ಮೂಲಕ ಮಂಜಿನ ಹಾಗೆ ಸಿಂಪರಣೆಯಾಗಬೇಕು. ಮಂದ ಎಣ್ಣೆ ಹನಿಹನಿಯಾಗಿ ಬಿದ್ದು ಪೂರ್ತಿ ಉರಿಯದೆ ಒಳಗೆ ಮಸಿ ಕಟ್ಟುತ್ತದೆ. ನಮ್ಮ ದೋಸೆ ಕಾವಲಿಗೆ ಜಿಡ್ಡು ಕಟ್ಟುವ ಹಾಗೆ ಅನ್ನಿ. ಒಂದೆರಡು ದಿನ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಓಡಿಸಿದರೆ ಮೆಕ್ಯಾನಿಕ್ಕಿಗೆ ಹಬ್ಬ.

ಹಾಗೆಂದು ನೇರ ಎಣ್ಣೆಯನ್ನು ಬಳಸಿದವರೇ ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಡಾ. ಉಡುಪಿ ಶ್ರೀನಿವಾಸ ಅವರ ತಂಡದವರು ಕಗ್ಗನಹಳ್ಳಿ ಎಂಬ ಹಳ್ಳಿಯಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಅದರ ಕರೆಂಟಿನಿಂದ ಕೊಳವೆ ಬಾವಿಯ ನೀರೆತ್ತಿ ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಹೊಂಗೆ ಎಣ್ಣೆಯನ್ನು ಇಂಧನವೆಂದು ಜನ ಗಂಭೀರವಾಗಿ ನೋಡಿದ್ದು ಆ ಮೇಲೆಯೇ. ಆದರೆ ಒಂದೇ ವೇಗದಲ್ಲಿ ಓಡುವ, ದಿನವೂ ಎಂಜಿನಿಯರುಗಳು ನೋಡಿಕೊಳ್ಳುವ ಜನರೇಟರ್ ಬೇರೆ, ಹೊಲದ ಮೂಲೆಯಲ್ಲಿ ಬಿಸಿಲುಮಳೆಗೆ ನಿಂತ ನಮ್ಮ ಪಂಪು ಬೇರೆ.

ಮಂದ ಎಣ್ಣೆಯನ್ನು ತೆಳ್ಳಗೆ ಮಾಡುವ ಉಪಾಯ ಕಂಡುಕೊಂಡವರು ಬೆಲ್ಜಿಯಮ್ಮಿನ ಶಾವಾನ್ ಎಂಬುವರು. 1937ರಲ್ಲಿ ಅವರಿಗೆ ಪೇಟೆಂಟು ಸಿಕ್ಕಿತು. ಮರುವರ್ಷ ಬ್ರಸೆಲ್ಸ್ ನಗರದಿಂದ ಲೂವೆನ್ ಊರಿಗೆ ತಾಳೆ ಎಣ್ಣೆಯಿಂದ ಮಾಡಿದ ಇಂಧನದಲ್ಲಿ ಬಸ್ಸೇ ಓಡಾಡಿತು. ಈಗ ನಾವು ಬಯೋಡೀಸೆಲ್ ಎನ್ನುವುದು ಇದನ್ನೇ.

ಸೋಪು ಕಾಯಿಸಿದವರಿಗೆ ಅರ್ಧ ಗೊತ್ತು

ನಮ್ಮ ರಾಜ್ಯದಲ್ಲಿ ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಜೈವಿಕ ಇಂಧನದ ಮಾಹಿತಿ ಮತ್ತು ಪ್ರಾತ್ಯಕ್ಷಿಕೆ ಕೇಂದ್ರಗಳನ್ನು ಮಾಡಿದ್ದಾರೆ. ಅಂಥ ಒಂದು ಕೇಂದ್ರಕ್ಕೆ ಯಜಮಾನರು, ಹುಡುಗ, ನಾನು ಮೂವರೂ ಹೋಗಿಬಂದೆವು. ನಾನೂ ಬರುತ್ತೇನೆಂದಾಗ ಯಜಮಾನರು "ಅಲ್ಲಿ ನಿನಗೇನು ಕೆಲಸ?" ಎಂದರು. ನಮ್ಮ ಮನೆಯ ಒಲೆಯನ್ನು ಕೇಳಿದವರಿಗೆ ನಾನು ಉತ್ತರ ಕೊಡಬೇಕಲ್ಲ!

ಅಲ್ಲಿ ಕಂಡದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಯಾವ ಎಣ್ಣೆಯೇ ಆಗಲಿ, ಅದರ ಒಂದೊಂದು ಕಣವೂ ಒಂದು ಗಂಟಿಗೆ ಕಟ್ಟಿದ ಮೂರು ಉದ್ದ ಹೂದಂಡೆಯ ಹಾಗಿರುತ್ತದೆ. ಗಂಟು ಎಂದರೆ ಗ್ಲಿಸರಿನ್. ಹೂದಂಡೆಗಳು ಕೊಬ್ಬಿನ ಆಮ್ಲಗಳು. ಮೂರೂ ಒಟ್ಟಿಗಿರುವುದರಿಂದಲೇ ಎಣ್ಣೆ ಮಂದ. ಕಾಸ್ಟಿಕ್ ಸೋಡಾ ಬೆರೆಸಿದರೆ ಆ ಗಂಟು ಬಿಚ್ಚುತ್ತದೆ. ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ನೀರು ಹಾಕಿ ಸೋಪು ಮಾಡುವಾಗ ಆಗುವುದೂ ಇದೇ. ಆದರೆ ಇಲ್ಲಿ ನೀರಿನ ಬದಲು ಮೆಥನಾಲ್ ಎಂಬ ದ್ರವವನ್ನು ಬಳಸುತ್ತಾರೆ. ಬಿಚ್ಚಿಕೊಂಡ ಮೂರು ದಂಡೆಗಳಿಗೂ ಮೆಥನಾಲ್ ಒಂದೊಂದಾಗಿ ಸೇರಿಕೊಂಡು ಮೂರು ತೆಳ್ಳಗಿನ ಬಿಡಿ ಕಣಗಳಾಗುತ್ತವೆ. ಅದೇ ಬಯೋಡೀಸೆಲ್. ಗಂಟು ಗ್ಲಿಸರಿನ್ ಆಗಿ ತಳಕ್ಕೆ ಇಳಿಯುತ್ತದೆ.

ಅಲ್ಲಿ ಮಾಡಿದ ಕ್ರಮ ಹೀಗಿತ್ತು. ಮೊದಲು ಎಣ್ಣೆಯನ್ನು ಸೋಸಿ, ಚೆನ್ನಾಗಿ ಕಾಯಿಸಿ ಅದರಲ್ಲಿದ್ದ ನೀರಿನ ಪಸೆಯನ್ನೆಲ್ಲ ಆರಿಸಿದರು. ನೀರು ಉಳಿದರೆ ಡೀಸೆಲ್ ಬದಲು ಸೋಪಾಗಿ ಕೂರುತ್ತದೆಯಂತೆ. ಎಣ್ಣೆ ಅರವತ್ತು ಡಿಗ್ರಿಗೆ ಇಳಿದ ಮೇಲೆ, ಹತ್ತು ಲೀಟರಿಗೆ ಎರಡು ಲೀಟರ್ ಮೆಥನಾಲ್ ಲೆಕ್ಕದಲ್ಲಿ, ಕಾಸ್ಟಿಕ್ ಸೋಡಾವನ್ನು ಅದರಲ್ಲೇ ಮೊದಲು ಕರಗಿಸಿಕೊಂಡು, ಮುಚ್ಚಿದ ಪಾತ್ರೆಗೆ ಕೊಳವೆಯ ಮೂಲಕ ಬಿಟ್ಟರು. ಹೊಸ ಎಣ್ಣೆಯಾದರೆ ಲೀಟರಿಗೆ ಮೂರೂವರೆ ಗ್ರಾಂ ಕಾಸ್ಟಿಕ್ ಸಾಕು. ಒಂದೂವರೆ ಗಂಟೆ ಮೋಟಾರು ಕಡೆಯಿತು. ಆ ಮೇಲೆ ಇಡೀ ರಾತ್ರಿ ಅಲುಗಾಡಿಸದೆ ಬಿಡಬೇಕು. ನಮಗೆ ತೋರಿಸಲೆಂದು ಹಿಂದಿನ ದಿನದ್ದನ್ನು ಗಾಜಿನ ಜಾಡಿಯಲ್ಲಿಟ್ಟಿದ್ದರು. ಕೆಳಗೆ ಜೋನಿಬೆಲ್ಲದ ಬಣ್ಣದ ಗ್ಲಿಸರಿನ್, ಮೇಲೆ ತಿಳಿಯಾದ ಹೊಂಬಣ್ಣದ ದ್ರವ. ಕೆಳಗಿನದನ್ನು ಬಸಿದು, ಮೇಲಿನದನ್ನು ಬೆಚ್ಚನೆಯ ನೀರಿನಿಂದ ಮೂರು ನಾಲ್ಕು ಸಲ ತೊಳೆಯುತ್ತಾರೆ. ಅಕ್ಕಿ ತೊಳೆದ ಹಾಗೆ ಮೊದಲ ನೀರು ಬೆಳ್ಳಗೆ, ಕೊನೆಯದು ತಿಳಿ. ಆಮೇಲೆ ಮತ್ತೆ ಕಾಯಿಸಿ ನೀರು ಆರಿಸಿದರೆ ಮುಗಿಯಿತು.

ಇದು ಒಳ್ಳೆಯ ಎಣ್ಣೆಯ ಮಾತು. ಹೊಂಗೆ ಎಣ್ಣೆ ಇಷ್ಟು ಸಾಧುವಲ್ಲ. ಅದರಲ್ಲಿ ಹುಳಿಯ ಅಂಶ, ಅಂದರೆ ಬಿಡಿಯಾದ ಆಮ್ಲ, ಬಹಳ ಸಲ ಜಾಸ್ತಿಯಿರುತ್ತದೆ. ಆ ಆಮ್ಲಕ್ಕೆ ಕಾಸ್ಟಿಕ್ ತಾಗಿದ ಕೂಡಲೇ ಸೋಪು. ಹಾಗಾಗಿ ಮೊದಲು ಚೂರು ಎಣ್ಣೆಗೆ ಒಂದು ಬಣ್ಣದ ದ್ರಾವಣ ಹಾಕಿ, ಗುಲಾಬಿ ಬಣ್ಣ ಬರುವವರೆಗೆ ತೊಟ್ಟುತೊಟ್ಟಾಗಿ ಕ್ಷಾರ ಬಿಟ್ಟು ಎಷ್ಟು ಹುಳಿಯಿದೆ ಎಂದು ಅಳೆಯುತ್ತಾರೆ. ಜಾಸ್ತಿಯಿದ್ದರೆ ಗಂಧಕಾಮ್ಲ ಮತ್ತು ಮೆಥನಾಲ್ ಸೇರಿಸಿ ಇನ್ನೊಂದು ಸುತ್ತು ಕಾಯಿಸಿ, ಆ ಮೇಲೆ ಈಗ ಹೇಳಿದ್ದನ್ನೆಲ್ಲ ಮಾಡಬೇಕು. ಗಂಧಕಾಮ್ಲ ಎಂದರೆ ಬ್ಯಾಟರಿಗೆ ಹಾಕುವ ಆಸಿಡ್ಡೇ. ಫೋನಿನಲ್ಲಿ ಮಿಕ್ಸಿ ತೋರಿಸಿದವರು ಈ ಸುತ್ತನ್ನು ತೋರಿಸಿರಲಿಲ್ಲ. ಹುಡುಗ ಅಲ್ಲೇ ಸ್ವಲ್ಪ ತಣ್ಣಗಾದ.

ಒಲೆ ಯಾಕೆ ಕೊಡಲಿಲ್ಲ

ಮೆಥನಾಲ್ ನೋಡಲಿಕ್ಕೆ ನೀರಿನ ಹಾಗೆ. ಕುಡಿದರೆ ವಿಷ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗುತ್ತದೆ, ಹೆಚ್ಚಾದರೆ ಪ್ರಾಣ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಬಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಆ ಸಾರಾಯಿಯಲ್ಲಿ ಬೆರೆತದ್ದು ಇದೇ ಮೆಥನಾಲ್. ಅದಕ್ಕೇ ಇದನ್ನು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಪರವಾನಗಿಯ ಕಟ್ಟುಪಾಡಿದೆ. ಅಂಗಡಿಗೆ ಹೋಗಿ "ಎರಡು ಲೀಟರ್ ಕೊಡಿ" ಎಂದು ತರುವ ಸಾಮಾನಲ್ಲ ಇದು.

ಇಷ್ಟೇ ಅಲ್ಲ. ಮೆಥನಾಲ್ ಅರವತ್ತೈದು ಡಿಗ್ರಿ ಬಿಸಿಗೇ ಕುದಿಯುತ್ತದೆ. ನೀರು ಇನ್ನೂ ಕುದಿಯುವ ಸುಳಿವೇ ಇಲ್ಲದಾಗ ಇದು ಹಬೆಯಾಗಿ ಮನೆ ತುಂಬಿರುತ್ತದೆ. ಆ ಹಬೆಗೆ ಒಲೆಯ ಕಿಡಿ, ಸ್ವಿಚ್ಚಿನ ಕಿಡಿ ಯಾವುದು ತಾಗಿದರೂ ಬೆಂಕಿ. ಇನ್ನೂ ಭಯವೆಂದರೆ, ಹಗಲು ಬೆಳಕಿನಲ್ಲಿ ಅದರ ಬೆಂಕಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಉರಿಯುತ್ತಿದೆ ಎಂದು ಗೊತ್ತಾಗುವುದು ಸೆರಗಿಗೆ ಹತ್ತಿಕೊಂಡ ಮೇಲೆ. ಸೌದೆ ಒಲೆಯಿರುವ, ಮಕ್ಕಳು ಓಡಾಡುವ ಬಚ್ಚಲುಮನೆಯಲ್ಲಿ ಇದನ್ನು ಕಾಯಿಸಲು ನಾನು ಒಪ್ಪಬೇಕಿತ್ತೇ, ನೀವೇ ಹೇಳಿ.

ಇನ್ನು ಕಾಸ್ಟಿಕ್ ಸೋಡಾ. ಇದು ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಅಲ್ಲ, ಅಡಿಗೆ ಸೋಡಾ ಮೊದಲೇ ಅಲ್ಲ. ಕಣ್ಣಿಗೆ ಹಾರಿದರೆ ಕಣ್ಣನ್ನೇ ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಾಕಿದರೆ ಪಾತ್ರೆಯನ್ನು ಕೊರೆದು, ಹೊತ್ತಿಕೊಳ್ಳುವ ಅನಿಲ ಬಿಡುತ್ತದೆ. ಸೋಪು ಮಾಡುವ ಸೋದರಿಯರೂ ಇದನ್ನು ನೆನಪಿಡಬೇಕು. ಸ್ಟೀಲು ಅಥವಾ ದಪ್ಪ ಪ್ಲಾಸ್ಟಿಕ್ಕು ಆಗಬಹುದು, ಅಲ್ಯೂಮಿನಿಯಂ ಖಂಡಿತ ಕೂಡದು. ಮೈಮೇಲೆ ಬಿದ್ದರೆ ಮನೆಮದ್ದು ಹುಡುಕುತ್ತಾ ಕೂರದೆ ನಲ್ಲಿಯ ಕೆಳಗೆ ಹದಿನೈದು ಇಪ್ಪತ್ತು ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಬೇಕು.

ಕೇಂದ್ರದಲ್ಲಿ ಕೆಲಸ ಮಾಡುವವರು ಕನ್ನಡಕ, ಮೊಣಕೈವರೆಗಿನ ಕೈಚೀಲ, ಉದ್ದನೆಯ ಮೇಲಂಗಿ ಹಾಕಿದ್ದರು. ಪಾತ್ರೆ ಪೂರ್ತಿ ಮುಚ್ಚಿದ್ದು. ಹಬೆಯನ್ನು ತಣ್ಣಗೆ ಮಾಡಿ ಮೆಥನಾಲನ್ನು ಹಿಡಿಯುವ ಏರ್ಪಾಟಿತ್ತು. ಬೆಂಕಿಯಿಲ್ಲ, ಕರೆಂಟಿನ ಕಾವು. ಅಲ್ಲಿಂದ ಬರುವಾಗ ಯಜಮಾನರು ಬಸ್ಸಿನಲ್ಲಿ ಹೇಳಿದ ಮಾತು ಇಷ್ಟೇ: "ಮನೇಲಿ ಬೇಡ."

ಈಗಾಗಲೇ ಎಲ್ಲಾದರೂ ಮೆಥನಾಲನ್ನೋ ಕಾಸ್ಟಿಕ್ಕನ್ನೋ ತಂದಿಟ್ಟುಕೊಂಡಿರುವ ಮನೆಯಾದರೆ ಒಂದು ಮಾತು. ನೀರಿನ ಬಾಟಲಿಗೆ, ಕೂಲ್ ಡ್ರಿಂಕ್ಸ್ ಬಾಟಲಿಗೆ ಅದನ್ನು ಎಂದೂ ಹಾಕಬಾರದು. ಬೇಸಗೆಯಲ್ಲಿ ಬಾಯಾರಿ ಬಂದ ಮಗು ಬಾಟಲಿಯ ಚೀಟಿ ಓದುವುದಿಲ್ಲ.

ಗ್ಲಿಸರಿನ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ತಳದಲ್ಲಿ ಉಳಿಯುವ ಆ ಜೋನಿಬೆಲ್ಲದಂಥದ್ದರಿಂದ ಮೈಸೋಪು ಮಾಡಿಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ. ಅಂಗಡಿಯಲ್ಲಿ ಸಿಗುವ ಗ್ಲಿಸರಿನ್ ಬೇರೆ, ಇದು ಬೇರೆ. ಇದರಲ್ಲಿ ಕಾಸ್ಟಿಕ್ಕೂ ಉಳಿದಿರುತ್ತದೆ, ಮೆಥನಾಲೂ ಉಳಿದಿರುತ್ತದೆ. ಶುದ್ಧಿ ಮಾಡದೆ ಮೈಗೆ ಹಚ್ಚುವಂಥದ್ದಲ್ಲ, ದನಗಳ ಬಾಯಿಗೆ ಸಿಗುವ ಹಾಗೂ ಇಡಬಾರದು.

ನಮ್ಮ ಕೈಯಲ್ಲಿರುವ ಭಾಗ

ಹಾಗಾದರೆ ಮನೆಯವರು ಮಾಡುವುದು ಏನೂ ಇಲ್ಲವೇ? ಇದೆ. ಡೀಸೆಲ್ ಒಳ್ಳೆಯದಾಗುವುದೂ ಕೆಡುವುದೂ ಮುಕ್ಕಾಲು ಪಾಲು ನಮ್ಮ ಅಂಗಳದಲ್ಲಿ, ನಮ್ಮ ಅಟ್ಟದ ಮೇಲೆ ತೀರ್ಮಾನವಾಗುತ್ತದೆ. ಎಣ್ಣೆಯಲ್ಲಿ ಹುಳಿ ಹೆಚ್ಚುವುದು ಬೀಜ ಒದ್ದೆಯಾಗಿ, ಬೂಸಲು ಹಿಡಿದು, ಬಹಳ ದಿನ ಬಿದ್ದುಕೊಂಡಿದ್ದಾಗ. ಚೆನ್ನಾಗಿ ಒಣಗಿಸಿ ಗಾಳಿಯಾಡುವ ಕಡೆ ಇಟ್ಟ ಬೀಜದ ಎಣ್ಣೆಗೆ ಆಸಿಡ್ಡಿನ ಉಪಚಾರ ಕಡಿಮೆ ಸಾಕು. ಈ ಮಾತನ್ನು ಕೇಂದ್ರದಲ್ಲಿ ಕೇಳಿದಾಗ ನನಗೆ ನಗು ಬಂತು. ಹುಣಿಸೆಹಣ್ಣು, ಮೆಣಸಿನಕಾಯಿ, ಅವರೆಬೇಳೆ ಇವೆಲ್ಲವನ್ನೂ ವರ್ಷವಿಡೀ ಕಾಯುವವರಿಗೆ ಹೊಂಗೆ ಬೀಜ ಕಾಯುವುದು ದೊಡ್ಡ ವಿದ್ಯೆಯೇ?

ಸಂಕ್ರಾಂತಿ ಕಳೆದ ಮೇಲೆ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಯುಗಾದಿಯ ಹೊತ್ತಿಗೆ ಹೊಸ ಚಿಗುರು ಬರುವುದರೊಳಗೆ ಕಾಯಿ ಬಡಿದು ಮುಗಿಸುವುದು ಒಳ್ಳೆಯದು. ಮರದ ಕೆಳಗೆ ಗುಡಿಸಿ ಹಳೆಯ ಸೀರೆಯನ್ನೋ ಟಾರ್ಪಾಲನ್ನೋ ಹಾಸಿ ಬಿದಿರುಗಳುವಿನಿಂದ ಬಡಿಯಬೇಕು. ನಾಲ್ಕು ದಿನ ಬಿಸಿಲಿಗೆ ಹಾಕಿ, ಸಿಪ್ಪೆ ಗರಿಗರಿಯಾದಾಗ ಕೊಡತಿಯಿಂದ ಬಡಿದರೆ ಬೀಜ ಬಿಡಿಸಿಕೊಳ್ಳುತ್ತದೆ. ಒಂದು ಕಾಯಿಗೆ ಸಾಮಾನ್ಯವಾಗಿ ಒಂದೇ ಬೀಜ. ಮೊರದಲ್ಲಿ ಕೇರಿ ಸಿಪ್ಪೆ ತೆಗೆದು ಮತ್ತೆರಡು ದಿನ ಬೀಜವನ್ನು ಒಣಗಿಸಬೇಕು. ಸಿಪ್ಪೆ ಹಂಡೆ ಒಲೆಗೆ ಚೆನ್ನಾಗಿ ಉರಿಯುತ್ತದೆ. ಬೀಜವನ್ನು ಗೋಣಿಚೀಲದಲ್ಲೇ ತುಂಬಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬೆವರುತ್ತದೆ.

ಈ ಕೆಲಸ ಯಾರು ಮಾಡುತ್ತಾರೆ ಎಂಬ ಮಾತು ಬಂದರೆ ಗಂಡಸರು ಮರದ ಕಡೆ ನೋಡುತ್ತಾರೆ! ಕಾಯಿ ಬಡಿಯಲು ಹುಡುಗರು ಬಂದಾರು. ಆರಿಸುವುದು, ಒಣಗಿಸುವುದು, ಕುಟ್ಟುವುದು, ಕೇರುವುದು ಹೆಂಗಸರ ಪಾಲಿಗೆ. ಡೀಸೆಲ್ ಉಳಿಯಿತು ಎಂಬ ಲೆಕ್ಕದಲ್ಲಿ ಈ ಕೂಲಿಯನ್ನು ಯಾರೂ ಬರೆಯುವುದಿಲ್ಲ. ನಾನು ಮೊದಲೇ ಹೇಳಿಬಿಟ್ಟೆ, ಬೀಜಕ್ಕೆ ಬೆಲೆ ಕಟ್ಟಿಯೇ ಲೆಕ್ಕ ಮಾಡಬೇಕು ಎಂದು. ಪೇಟೆಯಲ್ಲಿ ಆ ದಿನ ಹೊಂಗೆ ಬೀಜಕ್ಕೆ ಏನು ದರವಿದೆಯೋ ಅದೇ ದರಕ್ಕೆ ಪಂಪಿನ ಲೆಕ್ಕದಿಂದ ಮನೆಯ ಲೆಕ್ಕಕ್ಕೆ ದುಡ್ಡು ಬರಬೇಕು. ನನ್ನ ಜೊತೆ ಕೆಲಸಕ್ಕೆ ಬಂದ ಇಬ್ಬರಿಗೆ ದಿನಗೂಲಿ ಬೇರೆ. "ನಮ್ಮ ಮರದ ಬೀಜಕ್ಕೆ ನಾವೇ ದುಡ್ಡು ಕೊಡೋದೇ?" ಎಂದು ಯಜಮಾನರು ನಕ್ಕರು. ಆದರೆ ಕೊಟ್ಟರು. ಅತ್ತೆಯವರು ನನ್ನ ಕಡೆ ಮಾತಾಡಿದ್ದೂ ಅದಕ್ಕೆ ಕಾರಣ ಅನ್ನಿ.

ಲೆಕ್ಕ ಹೀಗಿದೆ

ನಮ್ಮ ಮರಗಳಿಂದ ಬೀಜ ಸಿಕ್ಕಿದ್ದು 260 ಕಿಲೋ. ಮರಕ್ಕೆ ಹನ್ನೆರಡು ಕಿಲೋದಂತೆ ಬಿತ್ತು. ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಿದೆ. ನೀರು ಹತ್ತಿರವಿರುವ ದೊಡ್ಡ ಮರ ಮೂವತ್ತು ಕಿಲೋ ಕೊಟ್ಟರೆ, ಕಲ್ಲುಬದುವಿನ ಮರ ಒಂದು ಮೊರ ತುಂಬುವಷ್ಟೂ ಇಲ್ಲ. ಬೀಜದಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ಎಣ್ಣೆಯಿದ್ದರೂ ನಮ್ಮ ಕಡೆಯ ಮಿಲ್ಲುಗಳಲ್ಲಿ ಪೂರ್ತಿ ಇಳಿಯುವುದಿಲ್ಲ. ನಾಲ್ಕು ಕಿಲೋಗೆ ಒಂದು ಲೀಟರ್ ಎಂದು ಲೆಕ್ಕ ಇಟ್ಟುಕೊಳ್ಳಿ. ನಮಗೆ 65 ಲೀಟರ್ ಎಣ್ಣೆ ಬಂತು, 190 ಕಿಲೋ ಹಿಂಡಿ ಬಂತು. ಆ ಎಣ್ಣೆ ಕೇಂದ್ರದಲ್ಲಿ ಎರಡು ಸುತ್ತು ಕಾದು, ತೊಳೆದು ಕೈಗೆ ಬಂದಾಗ 58 ಲೀಟರ್ ಡೀಸೆಲ್ ಆಗಿತ್ತು.

ಐದು ಅಶ್ವಶಕ್ತಿಯ ಡೀಸೆಲ್ ಪಂಪು ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಅಂದರೆ ಒಂದು ಗಂಟೆ ನೀರು ಹಾಯಿಸಲು ನಾಲ್ಕು ಕಿಲೋ ಬೀಜ ಬೇಕು. ಒಂದು ಮರದ ಬೀಜದಿಂದ ಮೂರು ಗಂಟೆ ನೀರು. ಹೀಗೆ ಹೇಳಿದರೆ ನಮ್ಮಂಥವರಿಗೆ ಬೇಗ ತಿಳಿಯುತ್ತದೆ. ಇಪ್ಪತ್ತೆರಡು ಮರಗಳಿಂದ ಟ್ರ್ಯಾಕ್ಟರು ಓಡಿಸುತ್ತೇವೆ ಎಂದರೆ ಅದು ಆಗದ ಮಾತು. ಕರೆಂಟು ಕೈಕೊಟ್ಟಾಗ ತೋಟ ಒಣಗದ ಹಾಗೆ ನೋಡಿಕೊಳ್ಳಲು ಸಾಲುತ್ತದೆ.

ದುಡ್ಡಿನ ಲೆಕ್ಕಕ್ಕೆ ಒಂದು ಸುಲಭ ದಾರಿ. ನಾಲ್ಕು ಕಿಲೋ ಬೀಜದ ಬೆಲೆ, ಮಿಲ್ಲಿನ ಕೂಲಿ, ಮೆಥನಾಲು ಮತ್ತು ಉಳಿದ ಸಾಮಾನಿನ ಖರ್ಚು ಮೂರನ್ನೂ ಕೂಡಿಸಿ. ಅದರಲ್ಲಿ ಮೂರು ಕಿಲೋ ಹಿಂಡಿಯ ಬೆಲೆ ಕಳೆಯಿರಿ. ಬಂದದ್ದು ಒಂದು ಲೀಟರಿಗೆ ಬಿದ್ದ ಖರ್ಚು. ಬೀಜಕ್ಕೆ ದರ ಏರಿದ ವರ್ಷ ಬಂಕಿನ ಡೀಸೆಲ್ಲೇ ಅಗ್ಗವಾಗಬಹುದು. ಆಗ ಬೀಜ ಮಾರಿ ಡೀಸೆಲ್ ಕೊಳ್ಳುವುದೇ ಜಾಣತನ. ಹಿಂಡಿಯನ್ನು ಲೆಕ್ಕದಿಂದ ಬಿಟ್ಟವರಿಗೆ ಈ ಕಸುಬು ಯಾವ ವರ್ಷವೂ ಗಿಟ್ಟುವುದಿಲ್ಲ. ಹೊಂಗೆ ಹಿಂಡಿಯಲ್ಲಿ ಸಾರಜನಕ ನೂರಕ್ಕೆ ನಾಲ್ಕರಷ್ಟಿದೆ, ಗೆದ್ದಲೂ ದೂರವಿರುತ್ತದೆ. ನಾವು ತೆಂಗಿನ ಬುಡಕ್ಕೆ ಹಾಕಿದೆವು. ಕಹಿಯಾದ್ದರಿಂದ ದನಕ್ಕೆ ಮಾತ್ರ ಹಾಕುವಂತಿಲ್ಲ, ಕಡಲೆಕಾಯಿ ಹಿಂಡಿಯ ಜೊತೆ ಬೆರೆಯದಂತೆ ಬೇರೆ ಕಡೆ ಇಡಬೇಕು.

ಪಂಪಿಗೆ ಒಂದು ಪಾಲು ಹೊಂಗೆ ಡೀಸೆಲ್ಲಿಗೆ ನಾಲ್ಕು ಪಾಲು ಬಂಕಿನ ಡೀಸೆಲ್ ಬೆರೆಸಿ ಹಾಕಿದ್ದಾಯಿತು. ಹಳೆಯ ಎಂಜಿನ್ನಿನ ಟ್ಯಾಂಕಿನಲ್ಲಿ ಕಟ್ಟಿಕೊಂಡ ಗಸಿಯನ್ನೆಲ್ಲ ಈ ಡೀಸೆಲ್ ಕರಗಿಸಿ ತರುತ್ತದೆ, ಮೊದಲಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದ. ಹಾಗೇ ಆಯಿತು. ಫಿಲ್ಟರ್ ಬದಲಾಯಿಸಿದ ಮೇಲೆ ತೊಂದರೆ ಕೊಡಲಿಲ್ಲ. ರಬ್ಬರಿನ ಹಳೆಯ ಕೊಳವೆಗಳು ಇದಕ್ಕೆ ಮೆತ್ತಗಾಗುವುದರಿಂದ ಅವುಗಳ ಮೇಲೆ ಕಣ್ಣಿಡಬೇಕು. ಕಪ್ಪು ಹೊಗೆ ಕಡಿಮೆಯಾಗಿದ್ದು ನನ್ನ ಕಣ್ಣಿಗೇ ಕಂಡಿತು. ಈ ಡೀಸೆಲ್ ಬಹಳ ಕಾಲ ಇಡುವಂಥದ್ದಲ್ಲ. ಆರು ತಿಂಗಳೊಳಗೆ ಉಪಯೋಗಿಸಿಬಿಡಬೇಕು. ನಮ್ಮ ಹೊಲಕ್ಕೆ ನಾವು ಬಳಸುವುದು ಬೇರೆ, ಮಾರುವುದು ಬೇರೆ. ಮಾರಾಟಕ್ಕೆ ಸರಕಾರ 2019ರಲ್ಲಿ ಮಾಡಿದ ನಿಯಮಗಳಿವೆ, ಹೊರಟವರು ಮೊದಲು ಅದನ್ನು ವಿಚಾರಿಸಿಕೊಳ್ಳಲಿ.

ಕರಿದ ಎಣ್ಣೆಯ ಮಾತು

ಕರಿದು ಉಳಿದ ಎಣ್ಣೆಯಿಂದಲೂ ಡೀಸೆಲ್ ಆಗುತ್ತದಲ್ಲ ಎಂದು ನೀವು ಕೇಳಬಹುದು. ಆಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಗೋಕುಲಾಷ್ಟಮಿಗೆ ಚಕ್ಕುಲಿ, ದೀಪಾವಳಿಗೆ ಕಜ್ಜಾಯ ಕರಿದರೆ ಉಳಿಯುವುದೆಷ್ಟು? ಒಂದು ಲೋಟ. ಅದರಿಂದ ಪಂಪು ಐದು ನಿಮಿಷವೋ ಹತ್ತು ನಿಮಿಷವೋ ಓಡೀತು. ಇದು ಹೋಟೆಲುಗಳಿಗೆ, ಚಿಪ್ಸು ಮಾಡುವವರಿಗೆ ಸೇರಿದ ವಿಷಯ. ಕಾಯಿಸಿ ಕಾಯಿಸಿ ಕೆಟ್ಟ ಎಣ್ಣೆಯನ್ನು ಅಳೆಯುವ ಕ್ರಮವೊಂದಿದೆ. ಕೆಟ್ಟ ಅಂಶ ನೂರಕ್ಕೆ ಇಪ್ಪತ್ತೈದು ದಾಟಿದ ಎಣ್ಣೆಯನ್ನು ಅಡಿಗೆಗೆ ಬಳಸಕೂಡದೆಂದು 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವಿದೆ. ಅಂಥ ಎಣ್ಣೆ ಬೀದಿಬದಿಯ ಬಾಣಲೆಗೆ ಹೋಗದೆ ಡೀಸೆಲ್ಲಿಗೆ ಹೋಗಲಿ ಎಂದು ಅದೇ ವರ್ಷ ಒಂದು ಯೋಜನೆಯನ್ನೂ ಪ್ರಾರಂಭಿಸಿದರು. ಬೋಂಡಾ ಕೊಳ್ಳುವಾಗ ಬಾಣಲೆಯ ಕಡೆ ಒಂದು ಸಲ ನೋಡಿ. ಎಣ್ಣೆ ಕಪ್ಪಾಗಿ, ಬುರುಗು ಅಡಗದೆ ಉಕ್ಕುತ್ತಿದ್ದರೆ ಅಲ್ಲಿಂದ ಮುಂದೆ ನಡೆಯಿರಿ. ಮನೆಯಲ್ಲಿ ಉಳಿದದ್ದನ್ನು ಸೋಸಿಟ್ಟು ಒಂದೆರಡು ದಿನದಲ್ಲಿ ಒಗ್ಗರಣೆಗೆ ಬಳಸಿ ಮುಗಿಸಿ, ಮತ್ತೆ ಮತ್ತೆ ಕರಿಯಲು ಬೇಡ. ಬಚ್ಚಲಿಗಂತೂ ಚೆಲ್ಲಲೇಬಾರದು.

ತಿನ್ನುವ ಎಣ್ಣೆಯನ್ನೇ ನೇರವಾಗಿ ಎಂಜಿನ್ನಿಗೆ ಹಾಕುವುದು ನನಗೆ ಸರಿಕಾಣುವುದಿಲ್ಲ. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರದೇಶಗಳಿಂದ ತರಿಸುತ್ತದೆ. ಮಕ್ಕಳ ತಟ್ಟೆಯಿಂದ ತೆಗೆದು ಪಂಪಿಗೆ ಸುರಿಯುವುದುಂಟೇ? ಹೊಂಗೆಯಲ್ಲಿ ಆ ಪಾಪವಿಲ್ಲ.

ಒಂದು ಕಾಲಕ್ಕೆ ಜಟ್ರೋಫಾ, ಅಂದರೆ ಕಾಡು ಹರಳು, ಎಂದು ಭಾರಿ ಗದ್ದಲವಾಯಿತು. 2003ರಿಂದೀಚೆಗೆ ದೇಶದ ತುಂಬ ಅದನ್ನು ನೆಡಿಸಿದರು. ನೀರು ಬೇಡ, ಗೊಬ್ಬರ ಬೇಡ, ಮೂರೇ ವರ್ಷಕ್ಕೆ ದುಡ್ಡು ಎಂದರು. ಬಂಜರಿನಲ್ಲಿ ಬದುಕಿತು ನಿಜ, ಆದರೆ ಹೇಳಿದಷ್ಟು ಕಾಯಿ ಬಿಡಲಿಲ್ಲ. ನಮ್ಮ ಸುತ್ತಲೂ ನೆಟ್ಟವರೇ ಕಿತ್ತರು. ಬೇಲಿಯಲ್ಲಿ ಇನ್ನೂ ಉಳಿದಿದ್ದರೆ ಮಕ್ಕಳ ಬಗ್ಗೆ ಎಚ್ಚರವಿರಲಿ. ಅದರ ಬೀಜ ಕಡಲೆಬೀಜದಂತೆ ರುಚಿಯಾಗಿರುತ್ತದೆ, ತಿಂದ ಮಕ್ಕಳು ವಾಂತಿಭೇದಿಯಾಗಿ ಆಸ್ಪತ್ರೆ ಸೇರುತ್ತಾರೆ.

ಅದಕ್ಕೆ ಹೋಲಿಸಿದರೆ ಹಾಸನ ಜಿಲ್ಲೆಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು 2007ರಲ್ಲಿ ಪ್ರಾರಂಭಿಸಿದ ಜೈವಿಕ ಇಂಧನ ಉದ್ಯಾನದ ದಾರಿಯೇ ನನಗೆ ಮೆಚ್ಚುಗೆ. ಹೊಲವನ್ನೆಲ್ಲ ಬಿಟ್ಟುಕೊಡಿ ಎಂದು ಅವರು ಹೇಳಲಿಲ್ಲ. ಬದು, ಬೇಲಿ, ಹಿತ್ತಲು, ರಸ್ತೆಬದಿ ಇಂಥ ಕಡೆ ಹೊಂಗೆ, ಬೇವು, ಹಿಪ್ಪೆ ಮುಂತಾದ ಮರಗಳನ್ನು ಬೆರೆಸಿ ನೆಡಿ ಎಂದರು. ಒಂದರಲ್ಲಿ ಕಾಯಿಯಿಲ್ಲದ ಕಾಲಕ್ಕೆ ಇನ್ನೊಂದರಲ್ಲಿ ಇರುತ್ತದೆ. ರಾಗಿ ಬೆಳೆಯುವ ನೆಲ ರಾಗಿಗೇ ಉಳಿಯುತ್ತದೆ. 2009ರಲ್ಲಿ ರಾಜ್ಯ ಸರಕಾರ ಜೈವಿಕ ಇಂಧನ ನೀತಿಯನ್ನು ತಂದು, "ಹಸಿರು ಹೊನ್ನು", "ಬರಡು ಬಂಗಾರ" ಎಂಬ ಹೆಸರಿನಲ್ಲಿ ಇಂಥ ಮರಗಳನ್ನು ನೆಡಿಸುವ ಕೆಲಸವನ್ನೂ ಮಾಡಿತು.

ಸಸಿ ನೆಡಬೇಕೆನ್ನುವವರು ಮಳೆಗಾಲಕ್ಕೆ ಮೊದಲೇ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಬಹುದು. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಆ ವರ್ಷದ ಗಟ್ಟಿ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಮಣ್ಣು ಗೊಬ್ಬರ ತುಂಬಿದ ಚೀಲದಲ್ಲಿ ಒಂದು ಅಂಗುಲ ಆಳಕ್ಕೆ ಊರಿ. ಹದಿನೈದು ದಿನದಲ್ಲಿ ಮೊಳೆಯುತ್ತದೆ. ಒಂದು ಮಳೆಗಾಲ ಚೀಲದಲ್ಲಿ ಬೆಳೆಸಿ ಮರುವರ್ಷ ಬದುವಿಗೆ ನೆಡಿ. ಹೊಂಗೆಯ ಎಲೆ ದನಕ್ಕೆ ಅಷ್ಟಾಗಿ ಸೇರದ್ದರಿಂದ ಬೇಲಿಯ ಖರ್ಚು ಕಡಿಮೆ. ಮರದಿಂದ ಮರಕ್ಕೆ ಹದಿನೈದು ಅಡಿಯಾದರೂ ಬಿಡಿ. ಬೀಜದಿಂದ ಬೆಳೆದ ಮರ ಕಾಯಿ ಬಿಡಲು ಐದಾರು ವರ್ಷವಾದರೂ ಬೇಕು. ಬೇಗ ಬೇಕೆನ್ನುವವರು ಕಸಿ ಸಸಿಯನ್ನು ಕೇಳಿ ತರಬಹುದು.